ಸಿಖ್ ಭಕ್ತಿಯಲ್ಲಿ ವಿರಹ ಮತ್ತು ಮಿಲನ

ಜೀವವನ್ನು ಹೆಂಡತಿಯಾಗಿ, ದೇವರನ್ನು ಗಂಡನಾಗಿ ಕಂಡು ಅಗಲಿಕೆಯ ಸಂಕಟವನ್ನೂ ಕೂಡುವಿಕೆಯ ಸುಖವನ್ನೂ ಹಾಡುವುದು ಸಿಖ್ ಭಕ್ತಿಯ ಮುಖ್ಯ ಧಾರೆಗಳಲ್ಲೊಂದು. ಗುರು ನಾನಕರು (1469–1539) ಆರಂಭಿಸಿದ ಈ ಧಾರೆ ಮುಂದಿನ ಗುರುಗಳ ಕೈಯಲ್ಲಿ ಬೆಳೆದು ಸಿಖ್ಖರ ಮದುವೆ, ಮರಣ, ದಿನನಿತ್ಯದ ಪ್ರಾರ್ಥನೆಗಳ ಒಳಹೊಕ್ಕಿದೆ. ಅಗಲಿಕೆಗೆ ಅಲ್ಲಿ ಬಿರಹ ಎಂಬ ಹೆಸರಿದೆ. ಅದರಿಂದ ಹುಟ್ಟುವ ಲೋಕದ ಬೇಸರಕ್ಕೂ ಹಂಬಲಕ್ಕೂ ಬೈರಾಗ್ ಎಂದೂ, ಕೂಡಿದ ಮೇಲೆ ನೆಲೆಗೊಳ್ಳುವ ನಿರಾಳ ಸ್ಥಿತಿಗೆ ಸಹಜ ಎಂದೂ ಹೇಳುತ್ತಾರೆ. ಶರಣಸತಿ ಲಿಂಗಪತಿ ಭಾವವನ್ನು ಹನ್ನೆರಡನೆಯ ಶತಮಾನದಿಂದಲೇ ಬಲ್ಲ ಕನ್ನಡ ಓದುಗರಿಗೆ ಇದು ತೀರ ಅಪರಿಚಿತವಲ್ಲ. ಆದರೆ ಒಂದು ವ್ಯತ್ಯಾಸವನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ಸಿಖ್ ಭಕ್ತಿಯ ವಿರಹಿಣಿ ಮನೆ ಬಿಟ್ಟು ಹೊರಡುವುದಿಲ್ಲ. ಸಂಸಾರದ ನಡುವೆ, ದುಡಿಮೆಯ ನಡುವೆ, ಹತ್ತು ಜನರೊಂದಿಗೆ ಪಂಕ್ತಿಯಲ್ಲಿ ಕುಳಿತೇ ಅವಳು ಹಂಬಲಿಸುತ್ತಾಳೆ.

ಆಕರ

ಈ ಭಾವದ ಮೂಲ ಆಕರ ಗುರು ಗ್ರಂಥ ಸಾಹಿಬ್. ಐದನೆಯ ಗುರು ಅರ್ಜನರು 1604ರಲ್ಲಿ ಇದರ ಮೊದಲ ರೂಪವನ್ನು ಸಂಪಾದಿಸಿ ಅಮೃತಸರದ ಹರಿಮಂದಿರದಲ್ಲಿ ಇರಿಸಿದರು. ಬರಹಗಾರರಾಗಿದ್ದವರು ಭಾಯಿ ಗುರುದಾಸರು. ಒಂಬತ್ತನೆಯ ಗುರು ತೇಗ್ ಬಹಾದೂರರ ರಚನೆಗಳು ಮುಂದೆ ಸೇರಿಕೊಂಡವು. 1708ರಲ್ಲಿ ನಾಂದೇಡಿನಲ್ಲಿ ಗುರು ಗೋವಿಂದ ಸಿಂಗರು ಗ್ರಂಥಕ್ಕೇ ಗುರುಪಟ್ಟ ಕೊಟ್ಟ ಮೇಲೆ ಮನುಷ್ಯರೂಪದ ಗುರುಪರಂಪರೆ ನಿಂತಿತು. ಇಂದು ಅಚ್ಚಾಗುವ ಪ್ರತಿಗಳಲ್ಲಿ 1430 ಪುಟಗಳಿವೆ. ಆರು ಗುರುಗಳ ರಚನೆಗಳ ಜೊತೆಗೆ ಕಬೀರ, ರವಿದಾಸ, ನಾಮದೇವ, ಶೇಖ್ ಫರೀದ ಮೊದಲಾದ ಭಗತರ ಹಾಡುಗಳೂ ಇದರಲ್ಲಿವೆ.

ಗ್ರಂಥವನ್ನು ವಿಂಗಡಿಸಿರುವುದು ರಾಗಗಳ ಪ್ರಕಾರ, ಒಟ್ಟು 31 ರಾಗಗಳಲ್ಲಿ. ಹೀಗಾಗಿ ವಿರಹಕ್ಕೆಂದು ಮೀಸಲಾದ ಅಧ್ಯಾಯ ಇಲ್ಲಿ ಸಿಗುವುದಿಲ್ಲ. ಮಾಝ್, ತುಖಾರಿ, ಸೂಹಿ, ವಡಹಂಸ ಹೀಗೆ ಒಂದೊಂದು ರಾಗದ ಮಡಿಲಲ್ಲೂ ಅದು ಹರಡಿಕೊಂಡಿದೆ. ದಾಸರ ಪದಗಳ ತಲೆಯ ಮೇಲೆ ರಾಗ, ತಾಳ ನಮೂದಿಸುವ ಕ್ರಮವನ್ನು ಕಂಡವರಿಗೆ ಇದರ ತರ್ಕ ಬೇಗ ತಿಳಿಯುತ್ತದೆ. ಈ ಹಾಡುಗಳು ಹುಟ್ಟಿದ್ದು ಕಿವಿಗಾಗಿ. ನಾನಕರ ಜೊತೆಗಾರ ಮರ್ದಾನ ರಬಾಬ್ ನುಡಿಸುತ್ತಿದ್ದನೆಂಬ ನೆನಪು ಸಿಖ್ಖರ ಅನೇಕ ಚಿತ್ರಪಟಗಳಲ್ಲಿ ಉಳಿದಿದೆ. ಈಗ ಹೆಚ್ಚಾಗಿ ಹಾರ್ಮೋನಿಯಂ, ತಬಲಾಗಳೇ ಕೇಳಿಸುತ್ತವೆ.

ತವರು ಮತ್ತು ಗಂಡನ ಮನೆ

ಗುರುವಾಣಿಯಲ್ಲಿ, ಅಂದರೆ ಗ್ರಂಥದ ಹಾಡುಗಳಲ್ಲಿ, ಹೆಣ್ಣು ಎರಡು ಬಗೆ. ಗಂಡನ ಒಲವಿಗೆ ಪಾತ್ರಳಾದವಳು ಸುಹಾಗಣ್. ಗಂಡನಿದ್ದೂ ಅವನಿಂದ ದೂರವಾದವಳು ದುಹಾಗಣ್. ಗಂಡ ಒಬ್ಬನೇ, ಹೆಂಡಿರು ಲೆಕ್ಕವಿಲ್ಲದಷ್ಟು. ಗಂಡಸರೂ ಈ ಲೆಕ್ಕದಲ್ಲಿ ಹೆಂಗಸರೇ. ನಾನಕರಿಂದ ಅರ್ಜನರವರೆಗೆ ಗುರುಗಳೆಲ್ಲ ಹೆಣ್ಣಿನ ದನಿಯಲ್ಲಿ ಹಾಡಿದ್ದಾರೆ. ಕನ್ನಡದಲ್ಲೂ ಉರಿಲಿಂಗದೇವ, ಗಜೇಶ ಮಸಣಯ್ಯರಂಥ ಪುರುಷ ವಚನಕಾರರು ಸತಿಭಾವದಲ್ಲಿ ಬರೆದದ್ದನ್ನು ಇಲ್ಲಿ ನೆನೆಯಬಹುದು.

ಈ ರೂಪಕದ ಒಳಗಿನ ಭೂಗೋಳ ಕನ್ನಡ ಜನಪದಕ್ಕೆ ತಿರುವುಮುರುವಾಗಿದೆ. ನಮ್ಮ ಬೀಸುವ ಪದಗಳಲ್ಲಿ, ಗರತಿಯ ಹಾಡುಗಳಲ್ಲಿ ಹೆಣ್ಣಿನ ಹಂಬಲ ಹರಿಯುವುದು ತವರಿನ ಕಡೆಗೆ. ಅಣ್ಣ ಕರೆಯಲು ಬಂದಾನೆ ಎಂದು ಅವಳ ಕಣ್ಣು ದಾರಿಯ ಮೇಲಿರುತ್ತದೆ. ಗುರುವಾಣಿಯಲ್ಲಿ ಈ ಲೋಕವೇ ತವರು. ನಾಲ್ಕು ದಿನ ಆಡಿ ಬೆಳೆದು ಬಿಟ್ಟುಹೋಗಬೇಕಾದ ಮನೆ ಅದು. ನಿಜವಾದ ಮನೆ ಗಂಡನದು. ತವರಿನಲ್ಲಿದ್ದಾಗಲೇ ಗುಣಗಳನ್ನು ಕೂಡಿಸಿಕೊಳ್ಳದ ಹುಡುಗಿ ಅಲ್ಲಿಗೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ. ಒಡವೆ, ಕಾಡಿಗೆ, ತಾಂಬೂಲ ಎಲ್ಲವೂ ಈ ಹಾಡುಗಳಲ್ಲಿವೆ. ಭಯ, ಒಲವು, ಸತ್ಯ, ವಿನಯ ಈ ಗುಣಗಳೇ ಇಲ್ಲಿ ಶೃಂಗಾರ. ಅವಿಲ್ಲದ ಮೇಲೆ ಎಷ್ಟು ಸಿಂಗರಿಸಿಕೊಂಡರೂ ವ್ಯರ್ಥ.

ಹೆಂಡತಿಯನ್ನು ಗಂಡನಿಂದ ಅಗಲಿಸಿದ್ದು ಯಾವುದು? ಸಿಖ್ ಉತ್ತರ ಹೌಮೈ, ಅಂದರೆ ನಾನು ನನ್ನದು ಎಂಬ ಬಿಗಿ. ಗಂಡ ದೂರದಲ್ಲಿಲ್ಲ, ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿದ್ದಾನೆ. ನಡುವೆ ಗೋಡೆಯಾಗಿ ನಿಂತದ್ದು ಇದೊಂದೇ. ಆದ್ದರಿಂದ ವಿರಹ ಅಂತರದ ಮಾತಾಗಿ ಉಳಿಯದೆ ಕಾಣಲಾರದ ಕುರುಡಿನ ಮಾತಾಗುತ್ತದೆ. ಗೋಡೆ ಬೀಳುವುದು ಸಾಧಕನ ಹಠದಿಂದಲ್ಲ. ದೇವರ ಹುಕುಂಗೆ, ಎಂದರೆ ಅವನ ಸಂಕಲ್ಪಕ್ಕೆ, ಮನಸ್ಸನ್ನು ಒಪ್ಪಿಸಿ, ನಾಮವನ್ನು ನೆನೆಯುತ್ತ ಅವನ ನದರ್, ಅಂದರೆ ಕೃಪಾದೃಷ್ಟಿಗಾಗಿ ಕಾಯಬೇಕು. ಪ್ರಯತ್ನವೂ ಬೇಕು, ಅದು ಸಾಲದೆಂಬ ತಿಳಿವೂ ಬೇಕು. ಈ ಎರಡರ ಎಳೆದಾಟದಲ್ಲೇ ಬಹಳಷ್ಟು ಒಳ್ಳೆಯ ಹಾಡುಗಳು ಹುಟ್ಟಿವೆ.

ಉಪಮೆಗಳಿಗೆ ಗುರುಗಳು ಕಾವ್ಯದ ಹಳೆಯ ಕಣಜಕ್ಕೇ ಕೈಹಾಕಿದ್ದಾರೆ. ಮೀನು ಮತ್ತು ನೀರು, ಚಾತಕ ಮತ್ತು ಸ್ವಾತಿಯ ಹನಿ, ಚಕ್ರವಾಕ ಮತ್ತು ಸೂರ್ಯ. ಸಿರಿ ರಾಗದ ಒಂದು ಅಷ್ಟಪದಿಯಲ್ಲಿ ನಾನಕರು ಈ ಸಾಲಿಗೆ ಹಾಲು–ನೀರಿನ ಜೋಡಿಯನ್ನು ಸೇರಿಸುತ್ತಾರೆ: ಒಲೆಯ ಮೇಲಿಟ್ಟಾಗ ಬೇಗೆಯನ್ನು ಮೊದಲು ತಾನುಂಡು ಹಾಲನ್ನು ಕಾಯುವುದು ನೀರು. ಕವಿಸಮಯದ ಹಕ್ಕಿಗಳ ನಡುವೆ ಅಡುಗೆಮನೆಯ ಈ ಪಾತ್ರೆ ನಾನಕರ ಸ್ವಭಾವಕ್ಕೆ ತಕ್ಕುದಾಗಿದೆ.

ಹರಿದಾಸ ಸಾಹಿತ್ಯದ ವಿರಹದಿಂದ ಇದು ಬೇರೆಯಾಗುವುದು ಕಥೆಯ ವಿಷಯದಲ್ಲಿ. ಮುಳಬಾಗಿಲಿನ ಶ್ರೀಪಾದರಾಜರ ಗೋಪೀಗೀತೆ, ಭ್ರಮರಗೀತೆಗಳಿಗೆ ಹಿಂದೆ ಭಾಗವತದ ಕೃಷ್ಣಕಥೆ ಇದೆ. ವಿರಹ ಪಡುವವರು ಗೋಪಿಯರು, ಬಿಟ್ಟುಹೋದವನು ಮಥುರೆಗೆ ನಡೆದವನು. ಗುರುವಾಣಿಯ ಪ್ರಿಯತಮ ನಿರಾಕಾರ. ಹರಿ, ಗೋವಿಂದ, ರಾಮ ಎಂಬ ಹೆಸರುಗಳಿಂದ ಕರೆದರೂ ಅವನಿಗೆ ಊರಿಲ್ಲ, ಲೀಲೆಯ ಚರಿತ್ರೆಯಿಲ್ಲ. ಕಥೆಯ ಆಸರೆ ಇಲ್ಲದೆ ಕೇವಲ ಹೊಸ್ತಿಲು, ಹಾಸಿಗೆ, ಮಳೆ, ಇರುಳುಗಳಿಂದ ವಿರಹವನ್ನು ಕಟ್ಟಬೇಕಾದ ಕಷ್ಟವನ್ನು ಗುರುಗಳು ಮೇಲೆಳೆದುಕೊಂಡರು. ಈ ವಿಷಯದಲ್ಲಿ ಅವರು ದಾಸರಿಗಿಂತ ವಚನಕಾರರಿಗೆ ಹತ್ತಿರ.

ಬಾರಹ್ ಮಾಹಾ

ಮಳೆ ಮತ್ತು ಇರುಳಿನ ಈ ಕಟ್ಟಡಕ್ಕೆ ಒಳ್ಳೆಯ ನಿದರ್ಶನ ಬಾರಹ್ ಮಾಹಾ, ಅಂದರೆ ಹನ್ನೆರಡು ತಿಂಗಳ ಹಾಡು. ದೂರದೇಶಕ್ಕೆ ಹೋದ ಗಂಡನಿಗಾಗಿ ಕಾಯುವ ಹೆಂಡತಿ ಒಂದೊಂದು ತಿಂಗಳ ಹವೆಯನ್ನೂ ತನ್ನ ಸಂಕಟವನ್ನೂ ಹೇಳಿಕೊಳ್ಳುವ ಈ ಪ್ರಕಾರ ಉತ್ತರ ಭಾರತದ ಜನಪದದಲ್ಲಿ ಮೊದಲೇ ಇತ್ತು. ನಾನಕರು ಅದನ್ನು ತುಖಾರಿ ರಾಗದಲ್ಲಿ ಅಧ್ಯಾತ್ಮಕ್ಕೆ ತಿರುಗಿಸಿದರು. ಚೇತ್‌ನ ಹೂವು, ದುಂಬಿ, ಕೋಗಿಲೆ. ಆಸಾಢದ ಸುಡುವ ನೆಲ. ಸಾವಣದಲ್ಲಿ ಸುರಿಯುವ ಮುಗಿಲು, ಮಿಂಚಿಗೆ ಬೆಚ್ಚುವ ಒಂಟಿ ಹೆಣ್ಣು. ಭಾದೋನ್‌ನಲ್ಲಿ ತುಂಬಿದ ಕೆರೆಗಳು, ಕಪ್ಪೆ ನವಿಲುಗಳ ಕೂಗು. ನಾನಕರ ಕಣ್ಣು ಪಂಜಾಬಿನ ಬಯಲಿನ ಮೇಲಿಂದ ಕದಲುವುದಿಲ್ಲ. ಗುರು ಅರ್ಜನರದು ಮಾಝ್ ರಾಗದ ಇನ್ನೊಂದು ಬಾರಹ್ ಮಾಹಾ. ಅದು ಹೆಚ್ಚು ಉಪದೇಶಮಯ, ಕಾವ್ಯವಾಗಿ ನಾನಕರದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂದರೆ ತಪ್ಪಾಗಲಾರದು. ಆದರೆ ಬಳಕೆಯಲ್ಲಿ ಗೆದ್ದದ್ದು ಅದೇ. ಪ್ರತಿ ತಿಂಗಳ ಸಂಗ್ರಾಂದ್‌, ಎಂದರೆ ಸಂಕ್ರಮಣದ ದಿನ, ಗುರುದ್ವಾರಗಳಲ್ಲಿ ಆ ತಿಂಗಳ ಭಾಗವನ್ನು ಅದರಿಂದಲೇ ಓದುತ್ತಾರೆ.

ಅರ್ಜನರ ಪತ್ರಗಳು

ಗುರುವಾಣಿಯ ವಿರಹ ಗಂಡ–ಹೆಂಡಿರ ರೂಪಕದಲ್ಲೇ ಮುಗಿಯುವುದಿಲ್ಲ. ಮಗ ತಂದೆಗಾಗಿ, ಶಿಷ್ಯ ಗುರುವಿಗಾಗಿ ಹಂಬಲಿಸಿದ ಪ್ರಸಂಗವೂ ಒಂದಿದೆ. ಪರಂಪರೆ ಹೇಳುವ ಕಥೆ ಹೀಗಿದೆ. ನಾಲ್ಕನೆಯ ಗುರು ರಾಮದಾಸರು ಕಿರಿಯ ಮಗ ಅರ್ಜನನನ್ನು ಬಂಧುವಿನ ಮದುವೆಗೆಂದು ಲಾಹೋರಿಗೆ ಕಳಿಸಿ, ಕರೆ ಬರುವವರೆಗೆ ಅಲ್ಲೇ ಇರಲು ಹೇಳಿದರು. ಕರೆ ಬರಲಿಲ್ಲ. ಅರ್ಜನ ಪದ್ಯರೂಪದಲ್ಲಿ ಪತ್ರ ಬರೆದ. ಹಿರಿಯಣ್ಣ ಪೃಥಿ ಚಂದ್ ಅದನ್ನು ತಂದೆಗೆ ತಲುಪಿಸದೆ ಬಚ್ಚಿಟ್ಟ. ಎರಡನೆಯದಕ್ಕೂ ಅದೇ ಗತಿಯಾಯಿತು. ಮೂರನೆಯ ಪತ್ರದ ಮೇಲೆ ಅರ್ಜನ ಮೂರು ಎಂದು ಅಂಕೆ ಹಾಕಿ, ಗುರುವಿನ ಕೈಗೇ ಕೊಡಬೇಕೆಂದು ಹೇಳಿ ಕಳಿಸಿದ. ಅಂಕೆಯಿಂದ ಗುಟ್ಟು ಹೊರಬಿತ್ತು. ಮಗನನ್ನು ಕರೆಸಿಕೊಂಡ ರಾಮದಾಸರು ಹಾಡನ್ನು ಪೂರ್ತಿಗೊಳಿಸಲು ಹೇಳಿದರು. ಅರ್ಜನ ಮಿಲನದ ಸಂತೋಷವನ್ನು ನಾಲ್ಕನೆಯ ಪದ್ಯವಾಗಿ ಸೇರಿಸಿದ. 1581ರಲ್ಲಿ ಗುರುಪಟ್ಟ ಅವನಿಗೇ ಬಂತು. ಮಾಝ್ ರಾಗದಲ್ಲಿರುವ ಈ ನಾಲ್ಕು ಪದ್ಯಗಳು ಶಬದ್ ಹಜಾರೆ ಎಂಬ ಸಂಕಲನದ ಮೊದಲ ಭಾಗವಾಗಿ ನಿತ್ಯಪಠನದಲ್ಲಿವೆ. ಅಂಕೆಯ ಸಾಕ್ಷ್ಯ, ಅಣ್ಣನ ಕಿತಾಪತಿ, ತಡವಾದ ಅಂಚೆ ಎಲ್ಲ ಸೇರಿದ ಈ ಕಥೆಯಿಂದಾಗಿ ಹಾಡಿನ ವಿರಹಕ್ಕೆ ಮನೆಯೊಳಗಿನ ವ್ಯವಹಾರದ ವಾಸನೆ ಅಂಟಿದೆ. ಸಿಖ್ಖರು ಅದನ್ನು ತೊಳೆಯಲು ಹೋಗಿಲ್ಲ.

ನಾಲ್ಕು ಸುತ್ತು

ಜೀವ–ದೇವರ ಮದುವೆಯ ಹಾಡು ಗಂಡು–ಹೆಣ್ಣಿನ ಮದುವೆಯ ಮಂತ್ರವೂ ಆದದ್ದು ಸಿಖ್ ಪರಂಪರೆಯ ವಿಶೇಷ. ಗುರು ರಾಮದಾಸರು ಸೂಹಿ ರಾಗದಲ್ಲಿ ರಚಿಸಿದ ಲಾವಾಂ ಎಂಬ ನಾಲ್ಕು ಪದ್ಯಗಳು ಆನಂದ್ ಕಾರಜ್ ವಿವಾಹದ ತಿರುಳು. ವರನ ಹೆಗಲ ಮೇಲಿನ ಶಲ್ಯದ ತುದಿಯನ್ನು ವಧುವಿನ ಕೈಗೆ ಕೊಡಲಾಗುತ್ತದೆ. ಗ್ರಂಥ ಓದುವ ಗ್ರಂಥಿ ಒಂದು ಪದ್ಯ ಓದುತ್ತಾರೆ. ಹಾಡುಗಾರರಾದ ರಾಗಿಗಳು ಅದನ್ನೇ ಹಾಡುತ್ತಿದ್ದಂತೆ ಜೋಡಿ ಗ್ರಂಥವನ್ನು ಒಂದು ಸುತ್ತು ಬಂದು ತಲೆಬಾಗಿ ಕೂರುತ್ತದೆ. ಹೀಗೆ ನಾಲ್ಕು ಸಲ. ಇಲ್ಲಿ ಅಗ್ನಿ ಇಲ್ಲ, ಗ್ರಂಥವೇ ಸಾಕ್ಷಿ. ಈ ವಿಧಿಗೆ 1909ರ ಆನಂದ್ ವಿವಾಹ ಕಾಯ್ದೆಯಿಂದ ಕಾನೂನಿನ ಮಾನ್ಯತೆ ದೊರೆಯಿತು. 2012ರ ತಿದ್ದುಪಡಿ ನೋಂದಣಿಗೆ ಅವಕಾಶ ಕಲ್ಪಿಸಿತು.

ನಾಲ್ಕು ಪದ್ಯಗಳ ಕ್ರಮವನ್ನು ಗಮನವಿಟ್ಟು ನೋಡಬೇಕು. ಮೊದಲನೆಯದು ಧರ್ಮದ ನಡೆ, ನಾಮಸ್ಮರಣೆಯ ಆರಂಭ. ಎರಡನೆಯದರಲ್ಲಿ ಸದ್ಗುರು ಸಿಗುತ್ತಾನೆ, ಅಂಜಿಕೆ ಹೋಗುತ್ತದೆ. ಬೈರಾಗ್, ಅಂದರೆ ಹಂಬಲ, ಬರುವುದು ಮೂರನೆಯ ಸುತ್ತಿನಲ್ಲಿ. ನಾಲ್ಕನೆಯದು ಸಹಜ, ಕೂಡಿದ ಸ್ಥಿತಿ. ಗುರು ಸಿಗುವ ಮೊದಲು ಹಂಬಲ, ಸಿಕ್ಕ ಮೇಲೆ ಶಾಂತಿ ಎಂಬ ಸಾಮಾನ್ಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ರುಚಿ ಹತ್ತಿದ ಮೇಲೆಯೇ ಹಸಿವು. ವಿರಹ ಭಕ್ತಿಯ ಕೊರತೆಯಲ್ಲ, ಅದು ಬಲಿತದ್ದರ ಗುರುತು. ಷಟ್‌ಸ್ಥಲದ ಮೆಟ್ಟಿಲುಗಳಲ್ಲೂ ಶರಣಸ್ಥಲದ ಸತಿಭಾವ ಐದನೆಯದಾಗಿ, ಐಕ್ಯಕ್ಕೆ ಒಂದೇ ಮೆಟ್ಟಿಲು ಹಿಂದೆ ಇರುವುದು ಗಮನಾರ್ಹ. ಬೆಳಗಿನ ಪ್ರಾರ್ಥನೆಯಾದ ಜಪ್‌ಜಿಯ ಕೊನೆಯಲ್ಲಿ ನಾನಕರು ಹೇಳುವ ಧರ್ಮ, ಜ್ಞಾನ, ಸರಮ್, ಕರಮ್, ಸಚ್ ಎಂಬ ಐದು ಖಂಡಗಳನ್ನೂ ಕೆಲವರು ಷಟ್‌ಸ್ಥಲದ ಪಕ್ಕಕ್ಕೆ ಇಟ್ಟು ನೋಡುತ್ತಾರೆ. ಆ ಹೋಲಿಕೆಯನ್ನು ಬಹಳ ಎಳೆದರೆ ಹರಿಯುತ್ತದೆ.

ಮೂರನೆಯ ಗುರು ಅಮರದಾಸರ ಆನಂದ್ ಮಿಲನದ ಹಾಡು. ರಾಮಕಲಿ ರಾಗದ 40 ಪೌಡಿಗಳಲ್ಲಿ, ಅಂದರೆ ಪದ್ಯಗಳಲ್ಲಿ, ಮೊದಲ ಐದು ಮತ್ತು ಕೊನೆಯದನ್ನು ಪ್ರತಿ ಪ್ರಾರ್ಥನಾ ಸಭೆಯ ಕೊನೆಗೆ ಹಾಡುತ್ತಾರೆ. ಇದೇ ಅಮರದಾಸರು ಸತಿ ಪದ್ಧತಿಯನ್ನು ಖಂಡಿಸಿದವರು. ಸತಿಯೆಂಬ ಹೆಸರಿಗೆ ಅರ್ಹಳಾಗುವುದು ಚಿತೆಯಿಂದಲ್ಲ, ವಿರಹವನ್ನು ತಾಳಿ ಶೀಲದಲ್ಲಿ ಬಾಳುವುದರಿಂದ ಎಂಬುದು ಅವರ ನಿಲುವು. ವಧುವಿನ ರೂಪಕವನ್ನು ಇಷ್ಟು ಬಳಸಿದ ಪರಂಪರೆಯೊಂದು ನಿಜವಾದ ಹೆಂಡಿರನ್ನು ಸುಡುವುದನ್ನು ಒಪ್ಪಿಕೊಂಡಿದ್ದರೆ ಆ ರೂಪಕವೇ ಕೊಳೆಯುತ್ತಿತ್ತು.

ಸಾವಿನ ಹೊತ್ತಿನಲ್ಲೂ ಮದುವೆಯ ಮಾತೇ. ಮಲಗುವ ಮುನ್ನ ಓದುವ ಐದು ಹಾಡುಗಳ ಸೋಹಿಲಾವನ್ನು ಶವಸಂಸ್ಕಾರದಲ್ಲೂ ಓದುತ್ತಾರೆ. ಅದರ ಮೊದಲ ಹಾಡಿನಲ್ಲಿ ನಾನಕರು ಮರಣದ ದಿನವನ್ನು ನಿಶ್ಚಯವಾದ ಮದುವೆಯ ಮುಹೂರ್ತವಾಗಿ ಕಾಣುತ್ತಾರೆ. ನೆಂಟರೆಲ್ಲ ಸೇರಿ ಹೊಸ್ತಿಲಿಗೆ ಎಣ್ಣೆ ಎರೆಯುವ ಪಂಜಾಬಿ ಪದ್ಧತಿಯೂ ಅಲ್ಲಿ ಬರುತ್ತದೆ. ಗ್ರಂಥದ ವಡಹಂಸ ರಾಗದಲ್ಲಿ ಕುದುರೆಯೇರುವ ಮದುಮಗನ ಘೋಡಿ ಹಾಡುಗಳೂ ಸತ್ತವರಿಗಾಗಿ ಅಳುವ ಅಲಾಹಣಿ ಹಾಡುಗಳೂ ಒಟ್ಟಿಗೇ ಇವೆ.

ಫರೀದರಿಂದ ಕಲಬುರಗಿಗೆ

ಗ್ರಂಥದಲ್ಲಿ ವಿರಹದ ಅತ್ಯಂತ ಕಠೋರ ದನಿ ಸೂಫಿ ಶೇಖ್ ಫರೀದರದು. ಅವರ ಹೆಸರಿನಲ್ಲಿ ನಾಲ್ಕು ಹಾಡು, 112 ಶ್ಲೋಕಗಳಿವೆ. ಮುಪ್ಪು, ಗೋರಿ, ಕಾಗೆ ಕುಕ್ಕುವ ಎಲುಬಿನ ಹಂದರ, ಮತ್ತು ಆ ಸ್ಥಿತಿಯಲ್ಲೂ ಪ್ರಿಯನ ದರ್ಶನಕ್ಕೆ ಕಾದ ಕಣ್ಣು. ಫರೀದರ ಶ್ಲೋಕಗಳ ನಡುನಡುವೆ ಗುರುಗಳು ತಮ್ಮ ಶ್ಲೋಕಗಳನ್ನಿಟ್ಟು ಉತ್ತರ ಕೊಟ್ಟಿರುವುದು ಸಂಪಾದನೆಯ ಸೊಗಸು. ಮೈಯನ್ನು ಒಲೆಯಾಗಿಸಿ ಉರಿಸುವ ತಪಸ್ಸಿನ ಮಾತು ಒಂದೆಡೆ ಬಂದರೆ, ಕೂಡಲೇ ನಾನಕರ ಹೆಸರಿನ ಶ್ಲೋಕ ಅದನ್ನು ತಡೆಯುತ್ತದೆ: ತಲೆ, ಕಾಲು ಏನು ತಪ್ಪು ಮಾಡಿವೆ, ಪ್ರಿಯ ಒಳಗೇ ಇರುವಾಗ ಈ ದಂಡನೆ ಏಕೆ ಎಂಬ ಧಾಟಿ ಅದರದು. ಹಂಬಲವನ್ನು ಒಪ್ಪಿ, ಹಂಬಲದ ಹೆಸರಿನ ದೇಹದಂಡನೆಯನ್ನು ಒಪ್ಪದ ಸಿಖ್ ನಿಲುವು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗದು.

ಫರೀದರಿಗೆ ಕರ್ನಾಟಕದೊಡನೆ ನೇರ ಗುರುಪರಂಪರೆಯ ಸಂಬಂಧವಿದೆ. ಅವರ ಶಿಷ್ಯರು ದೆಹಲಿಯ ನಿಜಾಮುದ್ದೀನ್ ಔಲಿಯಾ. ಔಲಿಯಾರ ಉತ್ತರಾಧಿಕಾರಿ ನಸೀರುದ್ದೀನ್ ಚಿರಾಗ್. ನಸೀರುದ್ದೀನರ ಶಿಷ್ಯರೇ ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸೂದರಾಜ್. ಕಲಬುರಗಿಯ ದರ್ಗಾಕ್ಕೆ ಹೋಗುವ ಭಕ್ತರೂ ಗುರುದ್ವಾರದಲ್ಲಿ ಫರೀದರ ಶ್ಲೋಕ ಕೇಳುವ ಭಕ್ತರೂ ಒಂದೇ ಚಿಶ್ತಿ ಸೂಫಿ ಬೇರಿನಿಂದ ನೀರು ಕುಡಿಯುತ್ತಾರೆ. ಇಂಥದೇ ಇನ್ನೊಂದು ಸೇತುವೆ ನಾಮದೇವ. ಗ್ರಂಥದಲ್ಲಿ ಅವರ 61 ಹಾಡುಗಳಿವೆ, ಮತ್ತು ಅವರ ದೈವವಾದ ಪಂಢರಪುರದ ವಿಠ್ಠಲನೇ ನಮ್ಮ ಹರಿದಾಸರ ಅಂಕಿತಗಳಲ್ಲೂ ನೆಲೆಸಿದವನು.

ಬೀದರ್

ಸಿಖ್ ಭಕ್ತಿ ಕನ್ನಡ ನೆಲದಲ್ಲಿ ಬೇರುಬಿಟ್ಟಿರುವುದು ಮುಖ್ಯವಾಗಿ ಬೀದರಿನಲ್ಲಿ. ಹದಿನಾರನೆಯ ಶತಮಾನದ ಆರಂಭದಲ್ಲಿ, ಬಹಮನಿ ಅರಸೊತ್ತಿಗೆ ಹೆಸರಿಗಷ್ಟೇ ಉಳಿದು ಅಧಿಕಾರ ಬರೀದ್ ಮನೆತನದ ಕೈಗೆ ಜಾರಿದ್ದ ಕಾಲದಲ್ಲಿ, ದಕ್ಷಿಣ ಯಾತ್ರೆಗೆ ಬಂದ ನಾನಕರು ಇಲ್ಲಿ ತಂಗಿದ್ದರೆಂಬುದು ಪರಂಪರೆ. ಕುಡಿಯುವ ನೀರಿಗೆ ಜನ ಪಡುತ್ತಿದ್ದ ಪಾಡು ಕಂಡು ನಾನಕರು ಪಾದದಿಂದ ಕಲ್ಲು ಸರಿಸಿದಾಗ ಸಿಹಿನೀರು ಉಕ್ಕಿತಂತೆ. ಆ ಸ್ಥಳವೇ ನಾನಕ್ ಝೀರಾ; ಝೀರಾ ಎಂದರೆ ಝರಿ. ಈಗಿನ ಗುರುದ್ವಾರ 1948ರಲ್ಲಿ ಕಟ್ಟಿದ್ದು. ಝರಿಯ ನೀರನ್ನು ಅಮೃತ ಕುಂಡದಲ್ಲಿ ಹಿಡಿಯುತ್ತಾರೆ. ಯಾತ್ರಿಕರು ಬಾಟಲಿ, ಕ್ಯಾನುಗಳಲ್ಲಿ ತುಂಬಿಕೊಂಡು ಹೋಗುತ್ತಾರೆ.

ಬೀದರಿನ ನೆಲದ ರಚನೆ ಈ ಕಥೆಗೆ ಹೊಂದಿಕೊಂಡೇ ಇದೆ. ಊರಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಸಚ್ಛಿದ್ರವಾದ ಈ ಕೆಂಪು ಕಲ್ಲು ಮಳೆನೀರನ್ನು ಹೀರುತ್ತದೆ. ಕೆಳಗಿನ ಕಪ್ಪು ಬಸಾಲ್ಟ್ ಬಿಡುವುದಿಲ್ಲ. ಎರಡೂ ಕೂಡುವ ಅಂಚಿನಲ್ಲಿ ನೀರು ಝರಿಯಾಗಿ ಹೊರಬರುತ್ತದೆ. ಎದೆಮಟ್ಟದ ನೀರಿನ ಗುಹೆಯಲ್ಲಿ ನಡೆದು ಹೋಗಿ ದರ್ಶನ ಮಾಡುವ ಝರಣಿ ನರಸಿಂಹನೂ, ಸುಲ್ತಾನರ ಕಾಲದ ಸುರಂಗ ಬಾವಿಗಳೂ ಈ ಕಲ್ಲಿನ ಕೃಪೆಯೇ. ಬಾಯಾರಿಕೆಯನ್ನು ಭಕ್ತಿಯ ಹೆಸರಾಗಿ ಹಾಡಿದ ನಾನಕರ ನೆನಪು ಈ ಊರಿನಲ್ಲಿ ನೀರಿಗೆ ಅಂಟಿಕೊಂಡದ್ದು ಸಹಜವಾಗಿದೆ.

ಇದೇ ಜಿಲ್ಲೆಯಲ್ಲಿ ಬಸವಕಲ್ಯಾಣವಿದೆ, ಅಂದರೆ ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ವರಿಸಿದ ಅಕ್ಕಮಹಾದೇವಿ ಅರಸಿ ಬಂದ ಕಲ್ಯಾಣ. ವಚನಕಾರರ ಸತಿಭಾವಕ್ಕೂ ನಾನಕರ ಸುಹಾಗಣ್ ಭಾವಕ್ಕೂ ಕೊಟ್ಟುಕೊಂಡ ಸಂಬಂಧ ಇದ್ದಂತೆ ಕಾಣುವುದಿಲ್ಲ, ಸುಮಾರು ಮುನ್ನೂರೈವತ್ತು ವರ್ಷಗಳ ಅಂತರವೂ ಇದೆ. ಹೋಲಿಕೆಗಿಂತ ಭೇದವೇ ಹೆಚ್ಚು ಕಲಿಸುತ್ತದೆ. ಅಕ್ಕನಿಗೆ ಲೌಕಿಕ ಗಂಡ ಮತ್ತು ದೈವೀ ಗಂಡ ಇಬ್ಬರೂ ಒಟ್ಟಿಗೆ ಸಲ್ಲರು. ಅರಮನೆ, ಉಡುಗೆ, ಊರು ಎಲ್ಲ ಬಿಟ್ಟು ಅವಳು ಶ್ರೀಶೈಲದ ಕದಳಿಗೆ ನಡೆದಳು. ನಾನಕರ ಪರಂಪರೆ ಇಬ್ಬರನ್ನೂ ಒಂದೇ ಹಾಡಿನಲ್ಲಿ ಕೂರಿಸಿತು. ಸಿದ್ಧ ಯೋಗಿಗಳೊಡನೆ ನಡೆದ ವಾದವೆಂದು ಹೇಳಲಾಗುವ ಸಿಧ್ ಗೋಷ್ಟಿಯಲ್ಲಿ ನಾನಕರು ನೀರಿನೊಳಗಿನ ತಾವರೆಯಂತೆ ಮನೆಯಲ್ಲೇ ಇರುವ ಮಾರ್ಗವನ್ನು ಎತ್ತಿಹಿಡಿಯುತ್ತಾರೆ. ಅಕ್ಕನ ದಾರಿಯ ಧೈರ್ಯ ದೊಡ್ಡದು. ಹತ್ತು ಜನ ನಡೆಯಬಲ್ಲದ್ದು ನಾನಕರ ದಾರಿ. ಈ ವಿಷಯದಲ್ಲಿ ನಾನಕರು ಕಾಯಕ, ದಾಸೋಹಗಳ ಬಸವಣ್ಣನಿಗೆ ಹತ್ತಿರ.

ಮಿಲನಕ್ಕೆ ತಲೆಯೇ ಬೆಲೆ ಎಂಬ ಮಾತು ನಾನಕರಲ್ಲಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಕತ್ತಿ ಹಿಡಿದು ತಲೆ ಕೇಳಿದಾಗ ಎದ್ದು ನಿಂತ ಐವರು ಲಾಹೋರ್, ಹಸ್ತಿನಾಪುರ, ದ್ವಾರಕೆ, ಪುರಿ ಮತ್ತು ಬೀದರಿನವರು. ಬೀದರಿನ ಸಾಹಿಬ್ ಚಂದ್ ಕ್ಷೌರಿಕ ಕುಲದವರು. ಗುರುಗಳು ಅಂದು ಕಟ್ಟಿದ ಖಾಲ್ಸಾ ಪಂಥದ ದೀಕ್ಷೆಯ ನಂತರ ಭಾಯಿ ಸಾಹಿಬ್ ಸಿಂಗ್ ಎಂದಾದರು. ಆ ಐವರಿಗೆ ಪಂಜ್ ಪ್ಯಾರೆ, ಐವರು ಪ್ರಿಯರು, ಎಂದು ಹೆಸರು. ದೇವರಿಗೆ ಮೀಸಲಾದ ಪ್ರಿಯ ಎಂಬ ಸಂಬೋಧನೆ ಹೀಗೆ ಬಟ್ಟೆಗೆ ಅಚ್ಚು ಹಾಕುವುದು, ನೀರು ಹೊರುವುದು, ಕ್ಷೌರ ಮೊದಲಾದ ಕಸುಬುಗಳ ಜನರಿಗೆ ಸಂದಿತು. ದೀಕ್ಷೆ ಕೊಟ್ಟ ಗುರುವೇ ಅವರ ಮುಂದೆ ನಿಂತು ಅವರಿಂದ ದೀಕ್ಷೆ ಪಡೆದರು.

ಸಾಹಿಬ್ ಸಿಂಗರು 1704ರ ಡಿಸೆಂಬರಿನ (ಕೆಲವರ ಎಣಿಕೆಯಲ್ಲಿ 1705ರ) ಚಮಕೌರ್ ಯುದ್ಧದಲ್ಲಿ ಮಡಿದರು. ಗುರುವಿನ ಹಿರಿಯ ಮಕ್ಕಳಿಬ್ಬರೂ ಅಲ್ಲೇ ತೀರಿಕೊಂಡರು. ಅಲ್ಲಿಂದ ಪಾರಾಗಿ ಮಾಛೀವಾಡದ ಕಾಡಿನಲ್ಲಿ ಒಬ್ಬರೇ ಇದ್ದಾಗ ಗುರು ಗೋವಿಂದರು ಒಂದು ಖಯಾಲ್ ಹಾಡಿದರೆಂದು ಪರಂಪರೆ ನಂಬುತ್ತದೆ. ಗುರು ಗೋವಿಂದರ ಹೆಸರಿನಲ್ಲಿರುವ ದಸಮ್ ಗ್ರಂಥದ, ಶಬದ್ ಹಜಾರೆ ಎಂಬ ಅದೇ ಹೆಸರಿನ ಇನ್ನೊಂದು ಸಂಕಲನದಲ್ಲಿ ಸೇರಿರುವ ಅದು ಗೆಳೆಯನಿಲ್ಲದ ಸುಖಭೋಗವನ್ನು ಹಾವುಗಳೊಡನೆ ವಾಸಕ್ಕೆ ಹೋಲಿಸುತ್ತದೆ. ಮಕ್ಕಳನ್ನೂ ಸಂಗಾತಿಗಳನ್ನೂ ಕಳೆದುಕೊಂಡವನ ಬಾಯಲ್ಲಿ ದೂರಿಲ್ಲ, ಹಂಬಲವಷ್ಟೇ ಇದೆ. ಬೀದರಿನ ಮಗನೊಬ್ಬನ ಸಾವು ಆ ಹಾಡಿನ ಹಿನ್ನೆಲೆಯಲ್ಲಿದೆ ಎಂಬುದು ಕನ್ನಡಿಗರಿಗೆ ಹೆಚ್ಚು ತಿಳಿದಂತಿಲ್ಲ.

ಬೀದರಿಗೆ ಸಮೀಪದ ಜನವಾಡದಲ್ಲಿ ಮಾಯಿ ಭಾಗೋ ಅವರ ತಪಸ್ಥಾನವಿದೆ. ಗುರುವನ್ನು ತೊರೆದಿದ್ದ 40 ಸಿಖ್ಖರನ್ನು ಮೂದಲಿಸಿ ಮರಳಿ ಕರೆತಂದು, 1705ರಲ್ಲಿ ಮುಕ್ತಸರದ ಕಾಳಗದಲ್ಲಿ ಅವರ ಮುಂದೆ ನಿಂತು ಕಾದಿದ ಹೆಂಗಸು ಈಕೆ. ಗುರುವಿನ ಜೊತೆ ನಾಂದೇಡಿಗೆ ಬಂದು, 1708ರಲ್ಲಿ ಗುರು ತೀರಿಕೊಂಡ ಮೇಲೆ ಜನವಾಡದಲ್ಲಿ ನೆಲೆಸಿ ಧ್ಯಾನದಲ್ಲಿ ಉಳಿದ ಆಯುಷ್ಯ ಕಳೆದರು. ಕವಿಗಳು ರೂಪಕವಾಗಿ ಹಾಡಿದ ವಿರಹವನ್ನು ಈಕೆ ಹಾಡು ಬರೆಯದೆ ಬದುಕಿದರು. ವರ್ಷಗಳ ಕಾಲ ಕನ್ನಡ, ಮರಾಠಿ, ತೆಲುಗು ಮಾತಿನ ಹಳ್ಳಿಗಳ ನಡುವೆ ಆ ಪಂಜಾಬಿ ಯೋಧೆ ಯಾರೊಡನೆ ಏನು ಮಾತಾಡುತ್ತಿದ್ದರೋ!

ಬೆಂಗಳೂರು

ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಬೀದರ್ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣದ ಜಿಲ್ಲೆಗಳ ಸಿಖ್ಖರ ಕಥೆ ಬೇರೆ: ಸೈನ್ಯ, ವಾಯುಪಡೆ, ದೇಶವಿಭಜನೆಯ ನಂತರದ ವ್ಯಾಪಾರ, ಈಚೆಗೆ ಸಾಫ್ಟ್‌ವೇರ್ ಮತ್ತು ಕಾಲೇಜು. ಕತ್ತಿ–ಚೂರಿ, ಕಬ್ಬಿಣದ ಕೆಲಸದ ಸಿಕ್ಲಿಗಾರ್ ಸಿಖ್ಖರು ರಾಜ್ಯದ ಹಲವು ಊರುಗಳಲ್ಲಿ ತಲೆಮಾರುಗಳಿಂದ ಇದ್ದಾರೆ.

ಉತ್ತರ ಬೆಂಗಳೂರಿನ ಸೋಲದೇವನಹಳ್ಳಿ ಕಾಲೇಜಿಗಾಗಿ ಬಂದವರ ಈಚಿನ ಅಲೆಗೆ ಒಂದು ಉದಾಹರಣೆ. ಹೆಸರಘಟ್ಟ ರಸ್ತೆಯ ಈ ಹಳ್ಳಿಯ ಸುತ್ತ ಆಚಾರ್ಯ ಸಂಸ್ಥೆಯ ಕಾಲೇಜುಗಳು ಬಂದ ಮೇಲೆ ಉತ್ತರ, ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳು ಪಿಜಿ ಕೋಣೆಗಳನ್ನು ತುಂಬಿದ್ದಾರೆ. ಅಂಥ ಕೋಣೆಯಲ್ಲಿರುವ ಸಿಖ್ ಹುಡುಗನ ನಿತ್ಯನೇಮಕ್ಕೆ ಗುರುದ್ವಾರ ಬೇಕಾಗಿಲ್ಲ. ಬೆಳಗಿನ ಜಾವದ ಅಮೃತವೇಳೆಯಲ್ಲಿ ಜಪ್‌ಜಿ, ಸಂಜೆ ರಹರಾಸ್, ಮಲಗುವಾಗ ಸೋಹಿಲಾ. ಮೊಬೈಲಿನಲ್ಲಿ ಗುರುಮುಖಿ ಪಾಠ ಇದೆ. ಸಂಗತ್, ಅಂದರೆ ಭಕ್ತರ ಕೂಟ, ಬೇಕೆಂದರೆ ಮಾತ್ರ ಹೊರಡಬೇಕು. ತುಮಕೂರು ರಸ್ತೆಗೆ ಬಸ್ಸು, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾವಣೆ, ಹಲಸೂರಿನಲ್ಲಿ ಇಳಿದು ಕೆರೆಯ ದಂಡೆಯ ಗುರು ಸಿಂಗ್ ಸಭಾ ಗುರುದ್ವಾರಕ್ಕೆ ನಡಿಗೆ ಅಥವಾ ಆಟೊ. ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ವಸ್ತ್ರ ಕಟ್ಟಿಕೊಂಡು ಗ್ರಂಥಕ್ಕೆ ಹಣೆ ಮುಟ್ಟಿಸಿ ನೆಲದ ಮೇಲೆ ಕೂರುವುದು ಎಲ್ಲರಿಗೂ ಒಂದೇ. ಕೀರ್ತನೆಯ ಕೊನೆಗೆ ಆನಂದ್‌ನ ಆರು ಪೌಡಿ, ಎಲ್ಲರೂ ನಿಂತು ಅರ್ದಾಸ್, ಗ್ರಂಥವನ್ನು ತೆರೆದಾಗ ಬಂದ ಹಾಡಿನ ಹುಕುಂನಾಮೆ. ಆಮೇಲೆ ಬೊಗಸೆಗೆ ಬೀಳುವ ಬಿಸಿ ಕಡಾಹ್ ಪ್ರಸಾದ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಸಮಸಮ ಹಾಕಿ ಮಗುಚಿದ ಈ ಹಲ್ವ ಅಂಗೈಗೆ ಜಿಡ್ಡು ಬಿಟ್ಟೇ ಹೋಗುತ್ತದೆ. ಕೈ ಉಜ್ಜಿಕೊಂಡು ಜನ ಸಾಮೂಹಿಕ ಊಟವಾದ ಲಂಗರಿನ ಸಾಲಿಗೆ ಹೋಗಿ ಕೂರುತ್ತಾರೆ. ಹಾಡಿನಲ್ಲಿ ಕೇಳಿದ ಮಿಲನದ ಮಾತನ್ನು ಬೇಳೆ–ರೊಟ್ಟಿಯ ಪಂಕ್ತಿಯಿಂದ ಬೇರ್ಪಡಿಸಿ ನೋಡುವುದು ಸಿಖ್ಖರಿಗೆ ಒಪ್ಪಿಗೆಯಾಗುವ ಓದಲ್ಲ.

ಊರು ಬಿಟ್ಟು ಬಂದವರಿಗೆ ಬಾರಹ್ ಮಾಹಾದ ಋತುಗಳು ಹೊಂದುವುದಿಲ್ಲ ಎಂಬ ತೊಡಕು ಉಳಿದೇ ಇದೆ. ಪಂಜಾಬಿನ ಆಸಾಢ ಸುಡುವಾಗ ಬೆಂಗಳೂರಿನಲ್ಲಿ ಮುಂಗಾರಿನ ತಂಪು. ಪೋಹ್‌ನ ಕೊರೆಯುವ ಹಿಮಕ್ಕೆ ಇಲ್ಲಿಯ ಡಿಸೆಂಬರ್ ಸಮನಲ್ಲ. ಪಂಚಾಂಗದ ವಿಷಯದಲ್ಲೂ ಒಮ್ಮತವಿಲ್ಲ. ಹಳೆಯ ಬಿಕ್ರಮಿ ಲೆಕ್ಕದ ಬದಲು ಸೌರಮಾನದ ನಾನಕ್‌ಶಾಹಿ ಪಂಚಾಂಗ 2003ರಲ್ಲಿ ಜಾರಿಗೆ ಬಂತು, 2010ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯನ್ನು ಎಲ್ಲರೂ ಒಪ್ಪಲಿಲ್ಲ. 2003ರ ಲೆಕ್ಕ ಹಿಡಿದವರಿಗೆ ಚೇತ್ ತಿಂಗಳು ಪ್ರತಿ ವರ್ಷ ಮಾರ್ಚ್ 14ಕ್ಕೆ ಹುಟ್ಟುತ್ತದೆ, ಬಾರಹ್ ಮಾಹಾದ ಚೇತ್ ಪದ್ಯವನ್ನು ಅವರು ಅಂದೇ ಓದುತ್ತಾರೆ.